ಶಾಕ್ ವೇವ್ ಟೇಬಲ್ ಮೇಲಿನ ನೋವು: ಇಂಜೆಕ್ಷನ್‌ಗಿಂತ ಮೊದಲು ನೋಡಬೇಕಾದ್ದು

ಕಿಡ್ನಿ ಕಲ್ಲಿಗೆ ಶಾಕ್ ವೇವ್ ಕೊಡೋಣ, ಅಂದರೆ ಮೈ ಕೊಯ್ಯದೆ ಹೊರಗಿನಿಂದಲೇ ಒತ್ತಡದ ಅಲೆಗಳನ್ನು ಹೊಡೆದು ಕಲ್ಲು ಒಡೆಯೋಣ ಎಂದು ಡಾಕ್ಟರು ಹೇಳಿದ ಕೂಡಲೇ ಎದುರು ಕೂತವರು ಕೇಳುವುದು ಎರಡೇ ಪ್ರಶ್ನೆ. ನೋವಾಗುತ್ತಾ? ಪ್ರಜ್ಞೆ ತಪ್ಪಿಸ್ತೀರಾ? ಎರಡಕ್ಕೂ 'ಸ್ವಲ್ಪ' ಅನ್ನುವ ಉತ್ತರ ಸಿಗುತ್ತದೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಅದೇ ಮೆಷಿನ್ ಕೆಳಗೆ ಒಬ್ಬರು ಗೊರಕೆ ಹೊಡೆಯುತ್ತಾರೆ, ಇನ್ನೊಬ್ಬರು ಐನೂರನೇ ಹೊಡೆತಕ್ಕೇ ಎದ್ದು ಕೂರುತ್ತಾರೆ. ಎರಡನೆಯವರನ್ನು 'ತಾಳ್ಮೆ ಇಲ್ಲದವರು' ಎಂದು ತಳ್ಳಿಹಾಕುವುದು ಸುಲಭ. ಆದರೆ ಹೆಚ್ಚಿನ ಸಲ ತಪ್ಪು ಇರುವುದು ಅವರ ತಾಳ್ಮೆಯಲ್ಲಲ್ಲ. ಜೆಲ್ ಹಚ್ಚಿದ ರೀತಿಯಲ್ಲಿ, ಶಕ್ತಿ ಏರಿಸಿದ ಅವಸರದಲ್ಲಿ, ಇಲ್ಲವೇ ಇಂಜೆಕ್ಷನ್ ಕೊಟ್ಟ ಹೊತ್ತಿನಲ್ಲಿ.

ನೋವನ್ನು ಹಿಡಿತದಲ್ಲಿಡುವುದು ರೋಗಿಯ ಮೇಲಿನ ಕನಿಕರಕ್ಕೆ ಮಾತ್ರ ಅಲ್ಲ, ಕಲ್ಲು ಒಡೆಯುವುದಕ್ಕೂ ಅದು ಬೇಕು. ಅಲೆಗಳು ಒಟ್ಟು ಸೇರುವ ಜಾಗದ ಅಗಲ ಕೆಲವೇ ಮಿಲಿಮೀಟರ್‌ನಿಂದ ಒಂದು ಸೆಂಟಿಮೀಟರ್ ಆಸುಪಾಸು. ಮೂತ್ರಪಿಂಡವೋ ಮಾಮೂಲಿ ಉಸಿರಾಟದಲ್ಲೇ ಎರಡು ಮೂರು ಸೆಂಟಿಮೀಟರ್ ಮೇಲೆ ಕೆಳಗೆ ಸರಿಯುತ್ತದೆ. ನೋವಿಗೆ ಉಸಿರು ಬಿಗಿಹಿಡಿದು, ಆಮೇಲೆ ಏದುಸಿರು ಬಿಟ್ಟರೆ ಸರಿಯುವ ದೂರ ಇನ್ನೂ ಹೆಚ್ಚು. ಆಗ ಮೂರು ಸಾವಿರ ಹೊಡೆತದಲ್ಲಿ ದೊಡ್ಡ ಪಾಲು ಕಲ್ಲಿನ ಪಕ್ಕದ ಮಾಂಸಕ್ಕೇ ಬೀಳುತ್ತದೆ. ಕಲ್ಲು ಹಾಗೇ ಉಳಿಯುತ್ತದೆ, ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ, ಮೂರು ವಾರ ಬಿಟ್ಟು ಮತ್ತೆ ಅದೇ ಟೇಬಲ್ ಹತ್ತಬೇಕಾಗುತ್ತದೆ.

ನೋವು ಹುಟ್ಟುವುದೆಲ್ಲಿ

ಮೊದಲಿಗೆ ಒಂದು ಭಯ ಕಳೆಯೋಣ. ಶಾಕ್ ಅಂದರೂ ಮೈಗೆ ಕರೆಂಟ್ ಹರಿಸುವುದಿಲ್ಲ. ಇದು ಒತ್ತಡದ ಅಲೆ, ಒಂದು ಬಗೆಯ ಶಬ್ದದ ಅಲೆಯೇ. ನೀರಿನಲ್ಲಿ ಕಿಡಿ ಹೊತ್ತಿಸಿಯೋ, ವಿದ್ಯುತ್ಕಾಂತದಿಂದ ಲೋಹದ ಪೊರೆಯೊಂದನ್ನು ಬಡಿಸಿಯೋ, ವಿದ್ಯುತ್ ಕೊಟ್ಟರೆ ಮಿಡಿಯುವ ಪೀಜೋ ಹರಳುಗಳನ್ನು ಒಟ್ಟಿಗೆ ಮಿಡಿಸಿಯೋ ಅಲೆ ಎಬ್ಬಿಸಿ ಅದನ್ನು ಕಲ್ಲಿನ ಮೇಲೆ ಕೇಂದ್ರೀಕರಿಸುತ್ತಾರೆ.

ನೋವು ಮೂರು ಕಡೆಯಿಂದ ಬರುತ್ತದೆ. ಮೂರೂ ಬೇರೆ ಬೇರೆ ಥರ, ಮೂರಕ್ಕೂ ಮದ್ದು ಬೇರೆ. ಒಂದು, ಅಲೆ ಒಳಹೊಕ್ಕುವ ಕಡೆ ಚರ್ಮದಲ್ಲಿ. ಬೆನ್ನಿಗೆ ರಬ್ಬರ್ ಬ್ಯಾಂಡ್ ಎಳೆದೆಳೆದು ಬಿಟ್ಟ ಹಾಗೆ ಚುರುಕು ಚುರುಕು. ಎರಡು, ಒಳಗೆ ಮೂತ್ರಪಿಂಡದ ಹೊದಿಕೆಯಲ್ಲಿ ಮತ್ತು ಅದರ ಸುತ್ತ. ಇದು ಆಳದ, ಭಾರವಾದ, ಬೆರಳಿಟ್ಟು ತೋರಿಸಲಾಗದ ನೋವು. ವಾಕರಿಕೆಯನ್ನೂ ಜೊತೆಗೆ ತರುತ್ತದೆ. ಮೂರು, ಮೂಳೆ. ಅಲೆಯ ದಾರಿಗೆ ಹನ್ನೆರಡನೇ ಪಕ್ಕೆಲುಬು ಅಡ್ಡ ಬಂದರೆ ಪ್ರತಿ ಹೊಡೆತಕ್ಕೂ ಅದೇ ಒಂದು ಬಿಂದುವಿನಲ್ಲಿ ಮೊಳೆ ಹೊಡೆದಂಥ ನೋವು. ಕಲ್ಲು ಮೂತ್ರನಾಳದ ಕೆಳತುದಿಯಲ್ಲಿದ್ದರೆ ನೋವು ತೊಡೆಸಂದಿಗೂ, ಗಂಡಸರಲ್ಲಿ ವೃಷಣಕ್ಕೂ ಇಳಿಯಬಹುದು. ಅದಕ್ಕೆ ಗಾಬರಿ ಬೇಡ, ಅಲ್ಲಿಗೆ ಹೋಗುವ ನರಗಳ ದಾರಿಯೇ ಹಾಗಿದೆ.

ಆದ್ದರಿಂದ ಟೇಬಲ್ ಮೇಲೆ 'ನೋವು' ಎಂದಷ್ಟೇ ಹೇಳಿದರೆ ಸಾಲದು. 'ಚರ್ಮದ ಮೇಲೆ ಚುರ್ ಅನ್ನುತ್ತೆ', 'ಒಳಗೆ ಹಿಂಡುತ್ತೆ', 'ಇದೇ ಎಲುಬಿಗೆ ಬಡಿಯುತ್ತೆ' ಎಂದು ಬಿಡಿಸಿ ಹೇಳಿ. ಮೂರನೆಯದಕ್ಕೆ ಇಂಜೆಕ್ಷನ್ ಡೋಸ್ ಏರಿಸಿ ಉಪಯೋಗವಿಲ್ಲ. ಮೆಷಿನ್ ತಲೆಯ ಕೋನವನ್ನೋ ರೋಗಿ ಮಲಗಿದ ಭಂಗಿಯನ್ನೋ ಚೂರು ಬದಲಿಸಿದರೆ ಅರ್ಧ ನಿಮಿಷದಲ್ಲಿ ಹೋಗುತ್ತದೆ. ನೋವಿನ ಜಾಗ ಕೇಳದೆಯೇ ಮದ್ದು ಏರಿಸುವ ರೂಢಿ ಎಷ್ಟೋ ಕಡೆ ಇದೆ. ನನಗೆ ಹಿಡಿಸದ ರೂಢಿ ಅದು.

ಈ ಚಿಕಿತ್ಸೆ ಮೊದಲು ಮನುಷ್ಯರ ಮೇಲೆ ನಡೆದದ್ದು 1980ರ ಫೆಬ್ರವರಿ 7ರಂದು, ಜರ್ಮನಿಯ ಮ್ಯೂನಿಕ್‌ನಲ್ಲಿ. ವೈದ್ಯ ಕ್ರಿಶ್ಚಿಯನ್ ಶೌಸಿ ಮತ್ತವರ ತಂಡ, ವಿಮಾನ ತಯಾರಿಸುತ್ತಿದ್ದ ಡಾರ್ನಿಯರ್ ಕಂಪನಿಯ ಮೆಷಿನ್. ಆ ಕಾಲದಲ್ಲಿ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸುತ್ತಿದ್ದರು. ಪೂರ್ತಿ ಅರಿವಳಿಕೆಯೋ ಬೆನ್ನಿಗೆ ಚುಚ್ಚಿ ಮೈ ಮರಗಟ್ಟಿಸುವ ಎಪಿಡ್ಯೂರಲ್ಲೋ ಬೇಕೇ ಬೇಕಿತ್ತು. ಮುಂದಿನ ತಲೆಮಾರಿನ ಮೆಷಿನ್‌ಗಳು ಅಲೆಯನ್ನು ಅಗಲವಾದ ಬಾಯಿಂದ ಒಳಬಿಟ್ಟವು. ಅದೇ ಶಕ್ತಿ ಹೆಚ್ಚು ಚರ್ಮದ ಮೇಲೆ ಹಂಚಿಹೋದ್ದರಿಂದ ಚುರುಕು ಇಳಿಯಿತು, ಅರಿವಳಿಕೆಯ ಅಗತ್ಯ ಕಡಿಮೆಯಾಯಿತು, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಹಾಗಾಯಿತು. ಆದರೆ ಕೇಂದ್ರೀಕರಿಸುವ ಜಾಗವೂ ಚಿಕ್ಕದಾಯಿತು, ಗುರಿ ತಪ್ಪುವುದು ಜಾಸ್ತಿಯಾಯಿತು, ಎರಡನೇ ಮೂರನೇ ಬಾರಿ ಕೊಡಬೇಕಾದ ಪ್ರಸಂಗವೂ ಹೆಚ್ಚಿತು. ಪೀಜೋ ಮೆಷಿನ್‌ಗಳಲ್ಲಿ ನೋವು ಎಲ್ಲಕ್ಕಿಂತ ಕಡಿಮೆ, ಮತ್ತೆ ಮತ್ತೆ ಬರಬೇಕಾದ ಸಾಧ್ಯತೆ ಹೆಚ್ಚು. 'ನಮ್ಮಲ್ಲಿ ನೋವೇ ಇಲ್ಲ' ಎಂಬ ಜಾಹೀರಾತು ಕಂಡರೆ ಎಷ್ಟು ಸಲ ಬರಬೇಕು ಎಂದೂ ಕೇಳಿ.

ಜೆಲ್ ಮತ್ತು ಗುಳ್ಳೆ

ನೀರಿನ ತೊಟ್ಟಿ ಹೋಗಿ ಅದರ ಜಾಗಕ್ಕೆ ನೀರು ತುಂಬಿದ ರಬ್ಬರ್ ಕುಶನ್ ಬಂದಿದೆ. ಕುಶನ್‌ಗೂ ಚರ್ಮಕ್ಕೂ ನಡುವೆ ಅಲ್ಟ್ರಾಸೌಂಡ್ ಜೆಲ್. ಇಡೀ ಚಿಕಿತ್ಸೆಯಲ್ಲಿ ಅತಿ ಅಗ್ಗದ ವಸ್ತು ಇದೇ, ಅತಿ ಹೆಚ್ಚು ಕೆಡಿಸುವುದೂ ಇದೇ. ಒತ್ತಡದ ಅಲೆ ನೀರಿನಲ್ಲಿ, ಮಾಂಸದಲ್ಲಿ ಸಲೀಸಾಗಿ ಸಾಗುತ್ತದೆ. ಗಾಳಿ ಸಿಕ್ಕಿದ ಕಡೆ ವಾಪಸ್ ಪುಟಿಯುತ್ತದೆ. ಪ್ರಯೋಗಾಲಯದಲ್ಲಿ ಅಳೆದು ನೋಡಿದವರ ಪ್ರಕಾರ ಜೆಲ್ ಹಚ್ಚಿದ ಜಾಗದಲ್ಲಿ ಶೇಕಡಾ 2ರಷ್ಟು ಗಾಳಿಗುಳ್ಳೆ ಇದ್ದರೂ ಕಲ್ಲು ಒಡೆಯುವುದು ಶೇಕಡಾ 20ರಿಂದ 40ರಷ್ಟು ಕುಗ್ಗುತ್ತದೆ.

ಇಲ್ಲಿ ಒಂದು ವಿಷಚಕ್ರ ಶುರುವಾಗುತ್ತದೆ. ಗುಳ್ಳೆ ಇದ್ದರೆ ಚರ್ಮದ ಹತ್ತಿರವೇ ಶಕ್ತಿ ಚದುರಿ ಅಲ್ಲೇ ಚುರುಕು ಹೆಚ್ಚುತ್ತದೆ. ಕಲ್ಲು ಒಡೆಯುತ್ತಿಲ್ಲ ಎಂದು ಟೆಕ್ನಿಷಿಯನ್ ಶಕ್ತಿ ಏರಿಸುತ್ತಾರೆ. ನೋವು ಹೆಚ್ಚಾಗಿ ರೋಗಿ ಮಗ್ಗುಲು ಎತ್ತುತ್ತಾರೆ. ಕುಶನ್ ಒಮ್ಮೆ ಬಿಟ್ಟು ಮತ್ತೆ ಅಂಟಿಕೊಂಡಾಗ ಹೊಸ ಗುಳ್ಳೆಗಳು ಸೇರುತ್ತವೆ. ಮತ್ತೆ ಶಕ್ತಿ ಏರುತ್ತದೆ. ಈ ಸುತ್ತಿನ ನಡುವೆ ಫೆಂಟನಿಲ್‌ನಂಥ ಜೋರಾದ ನೋವಿನ ಮದ್ದು ಎಷ್ಟು ಸುರಿದರೂ ವ್ಯರ್ಥ.

ಹಚ್ಚುವ ಕ್ರಮ ಹೀಗಿರಬೇಕು. ಬೆನ್ನಿನ ಆ ಜಾಗದಲ್ಲಿ ಕೂದಲು ದಟ್ಟವಾಗಿದ್ದರೆ ಮೊದಲೇ ಕತ್ತರಿಸಿ ತೆಗೆಯಬೇಕು; ಗುಳ್ಳೆಗಳು ಕೂದಲ ಬುಡದಲ್ಲೇ ಕೂರುತ್ತವೆ. ಎಣ್ಣೆ, ಪೌಡರ್, ವಿಕ್ಸ್, ಅಮೃತಾಂಜನ ಏನನ್ನೂ ಹಚ್ಚಿಕೊಂಡು ಬರಬೇಡಿ. ಬೆನ್ನುನೋವಿನ ಪ್ಲಾಸ್ಟರ್ ಅಂಟಿಸಿಕೊಂಡೇ ಬರುವವರಿದ್ದಾರೆ, ಅದನ್ನೂ ತೆಗೆದು ತೊಳೆದುಕೊಳ್ಳಿ. ಜೆಲ್ಲನ್ನು ಬಾಟಲಿಯ ಸಣ್ಣ ಮೂತಿಯಿಂದ ಪಿಚಕ್ ಪಿಚಕ್ ಎಂದು ಹಾವಿನಂತೆ ಬಿಡಬಾರದು, ಹಾಗೆ ಬಿಟ್ಟ ಪ್ರತಿ ಎಳೆಯ ನಡುವೆಯೂ ಗಾಳಿ ಸಿಕ್ಕಿಬೀಳುತ್ತದೆ. ದೊಡ್ಡ ಡಬ್ಬದ ಅಗಲ ಬಾಯಿಂದ ಒಂದೇ ರಾಶಿಯಾಗಿ ಕುಶನ್ ನಡುವೆ ಸುರಿದು, ಕೈಯಾಡಿಸದೆ, ರೋಗಿಯ ಭಾರಕ್ಕೇ ಅದು ನಡುವಿನಿಂದ ಅಂಚಿಗೆ ಹರಡುವಂತೆ ಕುಶನ್ನನ್ನು ನಿಧಾನ ಉಬ್ಬಿಸಿದರೆ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಹಿಂದಿನ ರೋಗಿಯ ಜೆಲ್ ಒಣಗಿ ಪದರಗಟ್ಟಿದ ಕುಶನ್ ಮೇಲೆ ಹೊಸ ಜೆಲ್ ಹಾಕುವುದಂತೂ ಕೂಡದು. ನಡುವೆ ಯಾವುದೇ ಕಾರಣಕ್ಕೆ ರೋಗಿ ಎದ್ದರೆ, ಒರೆಸಿ ಮತ್ತೆ ಮೊದಲಿನಿಂದ ಹಚ್ಚಬೇಕು. ಇದಕ್ಕೆ ಹಿಡಿಯುವುದು ಎರಡು ನಿಮಿಷ, ಆದರೂ ಬಹಳ ಕಡೆ ಬಿಟ್ಟುಹೋಗುವ ಕೆಲಸ ಇದೇ.

ಮೊದಲ ಮುನ್ನೂರು ಹೊಡೆತ

ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಕನಿಷ್ಠ ಮಟ್ಟದಲ್ಲಿ ಶುರುಮಾಡಿ, ಮೊದಲ ಇನ್ನೂರು ಮುನ್ನೂರು ಹೊಡೆತ ಅದೇ ಮಟ್ಟದಲ್ಲಿ ಕೊಟ್ಟು, ಎರಡು ಮೂರು ನಿಮಿಷ ಬಿಡುವು ಕೊಟ್ಟು, ಆಮೇಲೆ ಪ್ರತಿ ನೂರಿನ್ನೂರಕ್ಕೊಮ್ಮೆ ಒಂದೊಂದು ಮಟ್ಟ ಮೇಲಕ್ಕೆ. ಇದರಿಂದ ಎರಡು ಲಾಭ. ಮೈ ಆ ಬಡಿತಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲ ಹೊಡೆತಕ್ಕೇ ಬೆಚ್ಚಿಬಿದ್ದವರು ಕೊನೆಯವರೆಗೂ ಸೆಟೆದುಕೊಂಡೇ ಇರುತ್ತಾರೆ. ಜೊತೆಗೆ ಕಡಿಮೆ ಶಕ್ತಿಯ ಮೊದಲ ಹೊಡೆತಗಳಿಗೆ ಮೂತ್ರಪಿಂಡದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಇದು ಮುಂದಿನ ಜೋರಾದ ಹೊಡೆತಗಳಿಂದ ಒಳಗೆ ರಕ್ತಸ್ರಾವವಾಗುವುದನ್ನು ತಗ್ಗಿಸುತ್ತದೆ.

ವೇಗದ ಲೆಕ್ಕ ಇನ್ನೂ ಮುಖ್ಯ. ನಿಮಿಷಕ್ಕೆ 60ರಿಂದ 90 ಹೊಡೆತ ಸರಿಯಾದ ಮಿತಿ. ನಿಮಿಷಕ್ಕೆ 120ರಲ್ಲಿ ಕೊಟ್ಟರೆ 3,000 ಹೊಡೆತ 25 ನಿಮಿಷಕ್ಕೆ ಮುಗಿಯುತ್ತದೆ, 60ರಲ್ಲಿ 50 ನಿಮಿಷ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿರುವಾಗ 120ರ ಆಸೆ ಯಾರಿಗೂ ಸಹಜ. ಆದರೆ ಪ್ರತಿ ಹೊಡೆತದ ಹಿಂದೆಯೂ ಕಲ್ಲಿನ ಸುತ್ತ ಸಣ್ಣ ಗುಳ್ಳೆಗಳು ಹುಟ್ಟುತ್ತವೆ; ಅವು ಕರಗುವ ಮೊದಲೇ ಮುಂದಿನ ಅಲೆ ಬಂದರೆ ಆ ಗುಳ್ಳೆಗಳೇ ಅದನ್ನು ತಡೆಯುತ್ತವೆ. ಹಾಗಾಗಿ ವೇಗ ಹೆಚ್ಚಿದಷ್ಟೂ ಕಲ್ಲು ಒಡೆಯುವುದು ಕಡಿಮೆ, ಮಾಂಸಕ್ಕೆ ಪೆಟ್ಟು ಜಾಸ್ತಿ, ನೋವೂ ಜಾಸ್ತಿ. ಟೇಬಲ್ ಮೇಲೆ ತಡೆಯಲಾಗದಷ್ಟು ನೋವಾದಾಗ ಮಾಡಬೇಕಾದ ಮೊದಲ ಕೆಲಸ ಸಿರಿಂಜ್ ಹುಡುಕುವುದಲ್ಲ. ಹೊಡೆತ ನಿಲ್ಲಿಸುವುದು, ನೋವಿನ ಜಾಗ ಕೇಳುವುದು, ಗುರಿ ಸರಿಯಿದೆಯೇ ನೋಡುವುದು, ಒಂದು ಮಟ್ಟ ಇಳಿಸಿ ನಿಧಾನದ ವೇಗದಲ್ಲಿ ಮತ್ತೆ ಶುರುಮಾಡುವುದು.

ಮದ್ದು, ಮತ್ತು ಮದ್ದಿನ ಹೊತ್ತು

ಇಷ್ಟಾದ ಮೇಲೂ ನೋವಿಗೆ ಮದ್ದು ಬೇಕು. ಯಾವುದು, ಎಷ್ಟು ಎಂದು ನಿರ್ಧರಿಸುವುದು ನಿಮ್ಮ ಮೂತ್ರರೋಗ ತಜ್ಞರು ಮತ್ತು ಅರಿವಳಿಕೆ ವೈದ್ಯರು. ಇಲ್ಲಿ ಕೊಡುವ ಪ್ರಮಾಣಗಳು ಸಾಮಾನ್ಯ ಮೈಕಟ್ಟಿನ ದೊಡ್ಡವರಿಗೆ ರೂಢಿಯಲ್ಲಿರುವವು. ನಿಮಗೇನು ಕೊಡುತ್ತಿದ್ದಾರೆ ಎಂದು ಗೊತ್ತಾಗಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಎಂಬ ಉದ್ದೇಶಕ್ಕೆ ಬರೆದದ್ದು. ಸ್ವಂತ ವೈದ್ಯಕ್ಕಲ್ಲ.

ತಳಹದಿ ಎರಡು. ಡೈಕ್ಲೋಫೆನಾಕ್ 75 ಮಿಲಿಗ್ರಾಂ, ಕುಂಡೆಯ ಸ್ನಾಯುವಿಗೆ. ನಮ್ಮಲ್ಲಿ ಬಹಳ ಜನ ಇದನ್ನು ವೊವೆರಾನ್ ಇಂಜೆಕ್ಷನ್ ಎಂದೇ ಕರೆಯುತ್ತಾರೆ. ಇನ್ನೊಂದು, ಪ್ಯಾರಾಸಿಟಮಾಲ್ 1 ಗ್ರಾಂ, ಡ್ರಿಪ್‌ನಲ್ಲಿ 15 ನಿಮಿಷ. ಇವೆರಡೂ ಒಳ್ಳೆಯ ಮದ್ದುಗಳೇ, ಆದರೆ ಕೊಡುವ ಹೊತ್ತು ತಪ್ಪಿದರೆ ಕೊಟ್ಟೂ ಕೊಡದಂತೆ. ಸ್ನಾಯುವಿಗೆ ಕೊಟ್ಟ ಡೈಕ್ಲೋಫೆನಾಕ್ ಕೆಲಸ ಶುರುಮಾಡಲು ಅರ್ಧ ಗಂಟೆಯಾದರೂ ಬೇಕು. ರೋಗಿಯನ್ನು ಟೇಬಲ್ ಮೇಲೆ ಮಲಗಿಸಿ, ಕಲ್ಲಿಗೆ ಗುರಿ ಹಿಡಿದು, ಆಮೇಲೆ ಚುಚ್ಚಿದರೆ ಮದ್ದು ಏರುವ ಹೊತ್ತಿಗೆ ಚಿಕಿತ್ಸೆ ಅರ್ಧ ಮುಗಿದಿರುತ್ತದೆ. ಬಟ್ಟೆ ಬದಲಿಸುವಾಗಲೇ, ಅಂದರೆ ಮೊದಲ ಹೊಡೆತಕ್ಕೆ 30ರಿಂದ 45 ನಿಮಿಷ ಮುಂಚೆ ಇದು ಮುಗಿದಿರಬೇಕು. 'ಇಂಜೆಕ್ಷನ್ ಕೊಟ್ಟು ಎಷ್ಟು ಹೊತ್ತಾಯಿತು?' ಎಂದು ನೀವೇ ಕೇಳಬಹುದು. ಯಾರೂ ಬೇಸರ ಮಾಡಿಕೊಳ್ಳಬೇಕಾದ ಪ್ರಶ್ನೆಯಲ್ಲ.

ಡೈಕ್ಲೋಫೆನಾಕ್ ಎಲ್ಲರಿಗೂ ಅಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರಿಗೆ (ಮೂತ್ರಪಿಂಡದ ಕೆಲಸ ಕುಗ್ಗಿದ ಗುರುತು ಅದು), ಹೊಟ್ಟೆ ಹುಣ್ಣು ಇದ್ದವರಿಗೆ, ನೋವಿನ ಮಾತ್ರೆಗೆ ಉಬ್ಬಸ ಬರುವವರಿಗೆ, ಹೃದ್ರೋಗಿಗಳಿಗೆ ಬೇಡ. ಒಂದೇ ಮೂತ್ರಪಿಂಡ ಇರುವವರ ವಿಷಯದಲ್ಲಂತೂ ಎರಡು ಸಲ ಯೋಚಿಸಬೇಕು. ಕಲ್ಲಿನಿಂದ ದಾರಿ ಕಟ್ಟಿಕೊಂಡ ಮೂತ್ರಪಿಂಡ, ಉಪವಾಸದಿಂದ ನೀರು ಕಡಿಮೆಯಾದ ಮೈ, ಮೇಲೆ ಈ ಮದ್ದು ಸೇರಿದರೆ ಮೂತ್ರಪಿಂಡ ಸೋಲಬಹುದು. ಈ ಗುಂಪಿನ ಮದ್ದುಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಸ್ವಲ್ಪ ತಗ್ಗಿಸುತ್ತವೆ. ಆ ಕಾರಣಕ್ಕೆ ಚಿಕಿತ್ಸೆಗೆ ಮುಂಚೆ ಕೊಡದೆ, ಮುಗಿದ ಮೇಲೆ ಕೊಡುವ ವೈದ್ಯರೂ ಇದ್ದಾರೆ. ಡೈಕ್ಲೋಫೆನಾಕ್ ಆಗದವರಿಗೆಲ್ಲ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ 50ರಿಂದ 100 ಮಿಲಿಗ್ರಾಂ, ರಕ್ತನಾಳಕ್ಕೆ ನಿಧಾನವಾಗಿ. ಟ್ರಮಡಾಲ್‌ನ ತೊಂದರೆ ವಾಂತಿ. ಟೇಬಲ್ ಮೇಲೆ ವಾಂತಿ ಬಂದರೆ ಗುರಿ, ಜೆಲ್ ಎಲ್ಲ ಕೆಟ್ಟಂತೆಯೇ, ಹಾಗಾಗಿ ವಾಂತಿ ತಡೆಯುವ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಮೊದಲೇ ಕೊಡುವುದು ಜಾಣತನ. ಅಪಸ್ಮಾರ ಇದ್ದವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಮುಚ್ಚಿಡಬೇಡಿ, ಟ್ರಮಡಾಲ್ ಅವೆರಡಕ್ಕೂ ಹೊಂದುವುದಿಲ್ಲ.

ಅದರ ಮೇಲಿನ ಮೆಟ್ಟಿಲು ಫೆಂಟನಿಲ್, ಕಿಲೋ ತೂಕಕ್ಕೆ ಸುಮಾರು 1 ಮೈಕ್ರೋಗ್ರಾಂ, ಬೇಕೆಂದರೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ. ಮೂರ್ನಾಲ್ಕು ನಿಮಿಷಕ್ಕೆ ಹತ್ತುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆಗೆ ಇಳಿಯುತ್ತದೆ. ಶಾಕ್ ವೇವ್ ಅವಧಿಗೆ ಅಳೆದು ಹೊಲಿದಂತಿದೆ. ಜೊತೆಗೆ ಮಂಪರು ತರಿಸುವ ಮಿಡಜೋಲಾಮ್ 1ರಿಂದ 2 ಮಿಲಿಗ್ರಾಂ ಕೊಟ್ಟರೆ ಭಯ ಇಳಿಯುತ್ತದೆ. ಮಿಡಜೋಲಾಮ್‌ಗೆ ನೋವು ಕಳೆಯುವ ಗುಣ ಇಲ್ಲ, ಇದನ್ನು ಮರೆಯಬಾರದು. ನೋವಿಗೆ ಏನೂ ಕೊಡದೆ ಬರೀ ಮಂಪರು ಬರಿಸಿದರೆ ರೋಗಿ ಅರೆನಿದ್ದೆಯಲ್ಲೇ ಹೊರಳಾಡುತ್ತಾರೆ, ಹೇಳಿದ ಮಾತೂ ಕೇಳಿಸಿಕೊಳ್ಳುವುದಿಲ್ಲ. ಎಚ್ಚರವಿದ್ದು ನೋವು ಹೇಳುವವರೇ ಎಷ್ಟೋ ವಾಸಿ.

ಈ ಮದ್ದುಗಳು ಉಸಿರಾಟವನ್ನು ನಿಧಾನ ಮಾಡುತ್ತವೆ. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್, ಬಿಪಿ, ಇಸಿಜಿ, ಮೂಗಿಗೆ ಆಕ್ಸಿಜನ್ ನಳಿಕೆ, ಕೈಯಳತೆಯಲ್ಲಿ ಫೆಂಟನಿಲ್ ಅತಿಯಾದರೆ ಇಳಿಸುವ ಮದ್ದು ನಲಾಕ್ಸೋನ್, ಮತ್ತು ಕಲ್ಲನ್ನು ನೋಡದೆ ರೋಗಿಯನ್ನೇ ನೋಡುತ್ತಾ ನಿಂತ ಒಬ್ಬರು ಇರಬೇಕು. ಗುರಿ ಹಿಡಿಯುವವರೇ ಉಸಿರಾಟವನ್ನೂ ನೋಡಿಕೊಳ್ಳುತ್ತೇನೆ ಅನ್ನುವ ವ್ಯವಸ್ಥೆ ಸರಿಯಲ್ಲ. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟುವ ತೊಂದರೆ ಇದ್ದವರು ಮೊದಲೇ ತಿಳಿಸಬೇಕು. ಮಂಪರು ಅತಿಯಾದರೆ ಇನ್ನೊಂದು ಕಾಟ: ಗೊರಕೆಯ ಜೊತೆ ಹೊಟ್ಟೆ ಜೋರಾಗಿ ಏರಿಳಿದು ಕಲ್ಲು ಗುರಿಯಿಂದ ಆಚೀಚೆ ತೂಗಾಡುತ್ತದೆ. ಅಷ್ಟು ಆಳದ ಮಂಪರು ಬೇಕೇಬೇಕೆಂದಾದರೆ ಪೂರ್ತಿ ಅರಿವಳಿಕೆಯೇ ಮೇಲು, ಅಲ್ಲಿ ಉಸಿರಾಟ ಯಂತ್ರದ ಲೆಕ್ಕದಲ್ಲಿ ಸಮವಾಗಿರುತ್ತದೆ. ಚಿಕ್ಕ ಮಕ್ಕಳಿಗೆ ಹೇಗೂ ಪೂರ್ತಿ ಅರಿವಳಿಕೆಯೇ. ಮಗುವನ್ನು ಹಿಡಿದುಕೊಂಡು ಮುಗಿಸೋಣ ಎಂಬ ಮಾತಿಗೆ ಒಪ್ಪಬೇಡಿ.

ಚರ್ಮದ ಚುರುಕಿಗೆ ಲಿಡೊಕೇನ್, ಪ್ರಿಲೊಕೇನ್ ಎರಡೂ ಶೇಕಡಾ 2.5ರಷ್ಟಿರುವ ಕ್ರೀಮ್ ಇದೆ. ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕನಿಷ್ಠ ಒಂದು ಗಂಟೆ ಬಿಡಬೇಕು, ಆಗ ಮೂರು ಮಿಲಿಮೀಟರ್ ಆಳದವರೆಗೆ ಮರಗಟ್ಟುತ್ತದೆ. ಹತ್ತು ನಿಮಿಷಕ್ಕೆ ಒರೆಸಿದರೆ ಏನೂ ಉಪಯೋಗವಾಗುವುದಿಲ್ಲ. ಜೆಲ್ ಹಾಕುವ ಮುಂಚೆ ಪೂರ್ತಿ ಒರೆಸಿ ತೆಗೆಯಬೇಕು. ಒಳಗಿನ ನೋವಿಗೆ ಇದು ತಾಕುವುದೇ ಇಲ್ಲ, ಆದ್ದರಿಂದ ಇದೊಂದನ್ನೇ ನಂಬಿ ಕೂರುವಂತಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನೆಲುಬಿನ ಪಕ್ಕದ ನರಗಳನ್ನು ಮರಗಟ್ಟಿಸಲು ಕೊಡುವ ಬ್ಲಾಕ್ ಇಂಜೆಕ್ಷನ್‌ಗಳು ಒಳ್ಳೆಯ ಕೆಲಸ ಮಾಡುತ್ತವೆ, ಕೈಪಳಗಿದವರು ಇದ್ದರೆ.

ಕಿವಿಗೆ ಹೆಡ್‌ಫೋನ್ ಹಾಕಿ ಇಷ್ಟದ ಹಾಡು ಕೇಳಿಸುವುದು ತಮಾಷೆಯ ಸಲಹೆಯಲ್ಲ. ಟಕ್ ಟಕ್ ಎಂಬ ಮೆಷಿನ್ ಸದ್ದೇ ಅರ್ಧ ಭಯ ಹುಟ್ಟಿಸುತ್ತದೆ. ಹಾಡು ಕೇಳುತ್ತಾ ಮಲಗಿದವರಲ್ಲಿ ಆತಂಕವೂ ನೋವೂ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಭಜನೆಯೋ ಯಕ್ಷಗಾನವೋ ನಿಮ್ಮಿಷ್ಟ, ತಾಳಕ್ಕೆ ಮೈ ಕುಣಿಯದಿದ್ದರೆ ಸಾಕು.

ಮನೆಯಿಂದ ಹೊರಡುವ ಮುಂಚೆ

ಘನ ಆಹಾರ ಆರು ಗಂಟೆ ಮುಂಚೆ ನಿಲ್ಲಿಸಿ, ಬರೀ ನೀರನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ನಿಮ್ಮ ಆಸ್ಪತ್ರೆ ಬೇರೆ ಹೇಳಿದ್ದರೆ ಅದೇ ಸರಿ. 'ಉಪವಾಸ' ಅಂದದ್ದನ್ನು ಏಕಾದಶಿಯ ನಿರ್ಜಲ ವ್ರತ ಮಾಡಿಕೊಂಡು ಬರುವವರಿದ್ದಾರೆ; ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಅದು ಮೂತ್ರಪಿಂಡಕ್ಕೂ ಕೆಡುಕು, ಕೈಗೆ ಸೂಜಿ ಹಾಕಲು ನರವೂ ಸಿಗುವುದಿಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಕಲ್ಲು ಸ್ಪಷ್ಟ ಕಾಣುವುದಿಲ್ಲ. ಹಿಂದಿನ ರಾತ್ರಿ ಕಾಳು, ಕೋಸು, ಬಜ್ಜಿ ಬೋಂಡ ಬಿಡಿ, ಭೇದಿ ಮಾತ್ರೆ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ. ಟೇಬಲ್ ಹತ್ತುವ ಮುಂಚೆ ಮೂತ್ರ ಮಾಡಿ ಬನ್ನಿ. ಮೂತ್ರಕೋಶ ತುಂಬಿ ಚಡಪಡಿಸುವುದನ್ನೂ ನೋವೆಂದೇ ಲೆಕ್ಕ ಹಾಕಿ ಮದ್ದು ಸುರಿದ ಉದಾಹರಣೆಗಳಿವೆ.

ರಕ್ತ ತೆಳುಮಾಡುವ ಮಾತ್ರೆಗಳ ವಿಷಯ ಎಲ್ಲಕ್ಕಿಂತ ಮುಖ್ಯ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಇದ್ದರೆ ದಿನ ನಿಗದಿ ಮಾಡುವಾಗಲೇ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ನಿಲ್ಲಿಸಬಹುದೇ ಎಂಬುದನ್ನು ಹೃದಯದ ಡಾಕ್ಟರನ್ನೂ ಕೇಳಿ ತೀರ್ಮಾನಿಸುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಿದರೆ ಕಲ್ಲಿಗಿಂತ ದೊಡ್ಡ ಆಪತ್ತು. ರಕ್ತ ಹೆಪ್ಪುಗಟ್ಟದ ಕಾಯಿಲೆ, ಹತೋಟಿಗೆ ಬಾರದ ಮೂತ್ರದ ಸೋಂಕು ಇದ್ದರೆ ಚಿಕಿತ್ಸೆ ಮುಂದೂಡಬೇಕು. ಬಸುರಿಯರಿಗೆ ಈ ಚಿಕಿತ್ಸೆ ಮಾಡುವಂತೆಯೇ ಇಲ್ಲ. ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕು. ಮಂಪರಿನ ಮದ್ದು ಪಡೆದವರು 24 ಗಂಟೆ ಗಾಡಿ ಓಡಿಸಬಾರದು, ಸ್ಕೂಟರ್ ಆದರೂ ಅಷ್ಟೇ.

ಮನೆಗೆ ಬಂದ ಮೇಲೆ

ಮೂತ್ರ ಒಂದೆರಡು ದಿನ ಕೆಂಪಗಿರುತ್ತದೆ. ಬೆನ್ನಿನ ಮೇಲೆ ಕೆಂಪು ಚುಕ್ಕೆ, ಕಂದಿದ ಕಲೆ ಇರುತ್ತದೆ. ಅದಕ್ಕೆ ಏನೂ ಮಾಡಬೇಕಿಲ್ಲ. ನಿಜವಾದ ನೋವು ಎಷ್ಟೋ ಸಲ ಶುರುವಾಗುವುದು ಈಗ, ಚೂರುಗಳು ಮೂತ್ರನಾಳ ಇಳಿಯುವಾಗ. ಟೇಬಲ್ ಮೇಲೆ ಏನೂ ಆಗಲಿಲ್ಲವಲ್ಲ ಎಂದು ಮಾತ್ರೆ ಚೀಟಿಯನ್ನು ಜೇಬಲ್ಲೇ ಇಟ್ಟುಕೊಂಡವರು ಮಧ್ಯರಾತ್ರಿ ಮೆಡಿಕಲ್ ಶಾಪ್ ಹುಡುಕಬೇಕಾಗುತ್ತದೆ. ಮಾತ್ರೆಗಳನ್ನು ಆಸ್ಪತ್ರೆಯಿಂದ ಹೊರಡುವಾಗಲೇ ತೆಗೆದುಕೊಳ್ಳಿ.

ಈ ಹಿಂಡುವ ನೋವಿಗೆ ಡೈಕ್ಲೋಫೆನಾಕ್ ಗುಂಪಿನ ಮದ್ದುಗಳೇ, ಯಾರಿಗೆ ಕೊಡಬಹುದೋ ಅವರಿಗೆ, ಬಾಕಿಯವುಗಳಿಗಿಂತ ಚೆನ್ನಾಗಿ ಒಗ್ಗುತ್ತವೆ. ಕಾರಣ ಇದೆ. ದಾರಿ ಕಟ್ಟಿಕೊಂಡಾಗ ಮೂತ್ರಪಿಂಡದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ ಒಳಗಿನ ಒತ್ತಡ ಏರುತ್ತದೆ, ಈ ಮದ್ದು ಅದನ್ನೇ ತಗ್ಗಿಸುತ್ತದೆ. ಮೂತ್ರನಾಳ ಸಡಿಲಿಸಲು ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ರಾತ್ರಿ ಒಂದು, ಕೆಲವು ವಾರ. ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆ ತಿರುಗಬಹುದು, ಎದ್ದು ಒಂದು ನಿಮಿಷ ಕೂತು ನಡೆಯಿರಿ.

ಒಂದು ಅಪಾಯವನ್ನು ಎತ್ತಿ ಹೇಳಬೇಕು. ಚೀಟಿಯಲ್ಲಿ ಅಲ್ಟ್ರಾಸೆಟ್ ಇರುತ್ತದೆ, ಮನೆಯಲ್ಲಿ ಡೋಲೋ 650 ಇರುತ್ತದೆ, ಪಕ್ಕದ ಮನೆಯವರು ಕಾಂಬಿಫ್ಲಾಮ್ ಕೊಡುತ್ತಾರೆ. ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ. ದಿನಕ್ಕೆ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದವರಿಗೆ, ಕುಡಿಯುವ ಅಭ್ಯಾಸ ಇದ್ದವರಿಗೆ ಅದಕ್ಕಿಂತಲೂ ಕಡಿಮೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಕೂಡ ಇರುವುದರಿಂದ ಡೈಕ್ಲೋಫೆನಾಕ್ ಜೊತೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಎರಡು ಪಟ್ಟು ಪೆಟ್ಟು.

ನೀರಿನ ಬಗ್ಗೆಯೂ ಒಂದು ಮಾತು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರನ್ನು ದಿನವಿಡೀ ಹಂಚಿ ಕುಡಿಯಿರಿ. ನೋವು ಹಿಂಡುತ್ತಿರುವಾಗಲೇ ಎರಡು ತಂಬಿಗೆ ಗಟಗಟ ಕುಡಿದರೆ ಕಲ್ಲು ಕೊಚ್ಚಿಕೊಂಡು ಹೋಗುತ್ತದೆ ಎಂಬುದು ತಪ್ಪು. ಕಟ್ಟಿದ ದಾರಿಯ ಹಿಂದೆ ಒತ್ತಡ ಇನ್ನಷ್ಟು ಏರಿ ನೋವೂ ವಾಂತಿಯೂ ಹೆಚ್ಚಬಹುದು. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಕಾಡುಬಸಳೆ ಎಲೆ ಎಂದು ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಬಾಳೆದಿಂಡಿನ ರಸದ ನೆಪದಲ್ಲಿ ನೀರು ಒಳಗೆ ಹೋದರೆ ಒಳ್ಳೆಯದೇ. ಚೂರು ಸಿಕ್ಕಿಕೊಂಡಿದ್ದರೆ ಅದನ್ನು ಅವು ಬಿಡಿಸುವುದಿಲ್ಲ. ಬಿಯರ್ ಸಲಹೆ ಕೊಡುವವರಿಗೆ ನೋವಿನ ಮಾತ್ರೆ ಚೀಟಿ ತೋರಿಸಿ ಸುಮ್ಮನಿರಿಸಿ.

ಮೂತ್ರವನ್ನು ಚಹಾ ಸೋಸುವ ಹಳೆಯ ಜರಡಿಯಲ್ಲೋ ತೆಳು ಬಟ್ಟೆಯಲ್ಲೋ ಸೋಸಿ ಚೂರು ಸಿಕ್ಕರೆ ಒಣಗಿಸಿ ಡಬ್ಬಿಯಲ್ಲಿಡಿ. ಕಲ್ಲಿನ ಜಾತಿ ತಿಳಿದರೆ ಮುಂದಿನ ಪಥ್ಯ ಹೇಳಲು ಬರುತ್ತದೆ. ಕೆಲವೊಮ್ಮೆ ಚೂರುಗಳು ಮೂತ್ರನಾಳದಲ್ಲಿ ಸಾಲುಗಟ್ಟಿ ನಿಂತು ದಾರಿಯನ್ನೇ ಮುಚ್ಚುತ್ತವೆ. ದೊಡ್ಡ ಕಲ್ಲು ಒಡೆಸಿದವರಲ್ಲಿ ಇದು ಹೆಚ್ಚು. ಆಗ ನೋವಿನ ಮಾತ್ರೆಗೆ ಒಂದೆರಡು ಗಂಟೆ ಸುಮ್ಮನಾಗಿ ಮತ್ತೆ ಮತ್ತೆ ಅದೇ ಕಡೆ ನೋವು ಬರುತ್ತದೆ. ಎಕ್ಸ್‌ರೇ ತೆಗೆಸಲೇಬೇಕು. ನೋವು ತಾನಾಗಿ ಪೂರ್ತಿ ನಿಂತರೂ ಎರಡು ವಾರದ ನಂತರದ ತಪಾಸಣೆ ತಪ್ಪಿಸಬೇಡಿ, ಏಕೆಂದರೆ ದಾರಿ ಕಟ್ಟಿಕೊಂಡೇ ನೋವು ಮಾಯವಾಗುವುದೂ ಉಂಟು.

ರಾತ್ರಿ ಎಷ್ಟೇ ಹೊತ್ತಾಗಿರಲಿ, ಕೆಲವು ಲಕ್ಷಣ ಕಂಡರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬಾರದು. ಚಳಿ ನಡುಕದ ಜೊತೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ: ಕಟ್ಟಿದ ಮೂತ್ರಪಿಂಡದಲ್ಲಿ ಸೋಂಕು ಸೇರಿದರೆ ಗಂಟೆಗಳಲ್ಲಿ ರಕ್ತಕ್ಕೆ ಹರಡುತ್ತದೆ. ಪ್ಯಾರಾಸಿಟಮಾಲ್ ನುಂಗುತ್ತಿರುವವರಲ್ಲಿ ಜ್ವರ ಮರೆಯಾಗಿರಬಹುದು, ನಡುಕವನ್ನೇ ಗುರುತಾಗಿ ಹಿಡಿಯಿರಿ. ಯಾವ ಮಾತ್ರೆಗೂ ಜಗ್ಗದೆ ಪಕ್ಕೆಯಲ್ಲಿ ಏರುತ್ತಲೇ ಹೋಗುವ, ಅಲೆಯಂತೆ ಬಂದು ಹೋಗದೆ ಒಂದೇ ಸಮನೆ ನಿಂತ ನೋವು, ಜೊತೆಗೆ ತಲೆಸುತ್ತು, ಬೆವರು: ಮೂತ್ರಪಿಂಡದ ಸುತ್ತ ರಕ್ತ ಕಟ್ಟಿಕೊಂಡಿರಬಹುದು. ಇಷ್ಟು ತೊಂದರೆ ಕೊಡುವಂಥದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ, ಆದರೆ ಸ್ಕ್ಯಾನ್ ಮಾಡಿಸದೆ ಗೊತ್ತಾಗುವುದಿಲ್ಲ. ಮೂತ್ರ ಪೂರ್ತಿ ಕಟ್ಟಿದರೆ, ಗರಣೆ ಗರಣೆಯಾಗಿ ರಕ್ತ ಬಂದರೆ, ನೀರೂ ನಿಲ್ಲದಷ್ಟು ವಾಂತಿಯಾದರೆ ಕೂಡ ಹೊರಡಿ.

ಎರಡನೇ ಬಾರಿ ಕೊಡಬೇಕು ಎಂದಾದರೆ ಮೊದಲ ಬಾರಿಯ ವಿವರ ಬರೆಸಿಕೊಳ್ಳಿ: ಎಷ್ಟು ಹೊಡೆತ, ಯಾವ ಮಟ್ಟದವರೆಗೆ, ಯಾವ ವೇಗ, ಯಾವ ಮದ್ದು ಎಷ್ಟು, ನೋವು ಯಾವ ಮಟ್ಟದಲ್ಲಿ ಶುರುವಾಯಿತು. ನೋವಿನಿಂದ ಅರ್ಧಕ್ಕೇ ನಿಲ್ಲಿಸಿದ್ದರೆ ಅದನ್ನೂ ಬರೆಯಬೇಕು. 'ಕಲ್ಲು ಗಟ್ಟಿ, ಒಡೆಯಲಿಲ್ಲ' ಎಂದು ಚೀಟಿಯಲ್ಲಿದ್ದು, ನಿಜಕ್ಕೂ ಆದದ್ದು 3,000ದಲ್ಲಿ 1,200 ಹೊಡೆತ ಮಾತ್ರ ಎಂದಾದರೆ, ಮುಂದಿನ ಡಾಕ್ಟರು ಬೇಡದ ಆಪರೇಷನ್ ಕಡೆ ಹೊರಳುವ ಸಾಧ್ಯತೆ ಇದೆ.